ಹದಿಮೂರು ನಿಮಿಷ ಮೂವತ್ತೊಂಬತ್ತು ಸೆಕೆಂಡ್

ನಮ್ಮ ತಂಡದಲ್ಲಿ ತಂತ್ರಾಂಶ ಪರೀಕ್ಷಿಸುವ ಹುಡುಗಿ ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಸರ್, ಮನೆಯೊಳಗೆ ಸುಮ್ಮನೆ ಓಡಾಡ್ತಾ ಇದ್ರೆ ಹದಿಮೂರೂವರೆ ನಿಮಿಷ ಚೆನ್ನಾಗೇ ಇರತ್ತೆ. ಆಮೇಲೆ ಚಿತ್ರ ತಡವರಿಸೋಕೆ ಶುರುವಾಗತ್ತೆ. ಮೂರು ಸಲ ನೋಡ್ದೆ, ಮೂರು ಸಲಾನೂ ಅಷ್ಟೇ ಹೊತ್ತು" ಎಂದಳು.

ನಾವು ಬರೆಯುತ್ತಿದ್ದದ್ದು ಇನ್ನೂ ಪಾಯ ತೋಡದ ಮನೆಯೊಳಗೆ ಅದರ ಯಜಮಾನನನ್ನು ನಡೆದಾಡಿಸುವ ತಂತ್ರಾಂಶ. ಕಿಟಕಿಯಿಂದ ಬಿಸಿಲು ಬೀಳಬೇಕು, ಗ್ರಾನೈಟ್ ನೆಲದ ಮೇಲೆ ಸೋಫಾದ ನೆರಳು ಕಾಣಬೇಕು, ಅವನು ತಲೆ ತಿರುಗಿಸಿದ ಕೂಡಲೇ ಎಲ್ಲವೂ ತಿರುಗಬೇಕು. ಮೂರು ಸಲವೂ ಒಂದೇ ಹೊತ್ತಿಗೆ ಕೆಡುತ್ತದೆ ಎಂದರೆ ಎಲ್ಲೋ ಏನೋ ಸಮವಾಗಿ ತುಂಬುತ್ತಿದೆ, ಆ ಹೊತ್ತಿಗೆ ಸರಿಯಾಗಿ ಉಕ್ಕುತ್ತಿದೆ. ಹದಿಮೂರೂವರೆ ನಿಮಿಷ ಅಂದಾಜಿನ ಮಾತು. ಆಮೇಲೆ ಕೂತು ಲೆಕ್ಕ ಹಾಕಿದಾಗ ಸಿಕ್ಕ ಉತ್ತರ 13 ನಿಮಿಷ 39 ಸೆಕೆಂಡ್. ಅದು ಹೇಗೆ ಸಿಕ್ಕಿತು ಎಂದು ಹೇಳಬೇಕಾದರೆ ಪರದೆಯ ಮೇಲಿನ ಒಂದು ಚಿತ್ರ ಎಷ್ಟು ದೊಡ್ಡದು ಎಂಬಲ್ಲಿಂದ ಶುರು ಮಾಡಬೇಕು.

4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕಿಗಳು. ಒಟ್ಟು 82,94,400. ಒಂದೊಂದು ಚುಕ್ಕಿಯ ಬಣ್ಣಕ್ಕೆ 4 ಬೈಟ್ ಎಂದರೆ ಒಂದು ಚಿತ್ರಕ್ಕೆ 3,31,77,600 ಬೈಟ್. ಬೈಟ್ ಕೈಗೆ ಸಿಗುವ ಪದಾರ್ಥವಲ್ಲ, ಅದಕ್ಕೇ ರಾಗಿಯಲ್ಲಿ ಅಳೆಯೋಣ. ಸಾವಿರ ರಾಗಿ ಕಾಳು ತೂಗಿದರೆ ಎರಡೂವರೆ ಗ್ರಾಂ ಆಸುಪಾಸು. ಬೈಟಿಗೊಂದು ಕಾಳಿನಂತೆ ಸುರಿದರೆ ಒಂದೇ ಒಂದು ಚಿತ್ರಕ್ಕೆ 83 ಕೆಜಿ ರಾಗಿ ಬೇಕು. ಕಣ್ಣಿಗೆ ಚಲನೆ ನಯವಾಗಿ ಕಾಣಲು ಸೆಕೆಂಡಿಗೆ ಇಂಥ 60 ಚಿತ್ರಗಳು ಬೇಕು. ಸೆಕೆಂಡಿಗೆ ಐದು ಟನ್ ರಾಗಿ.

ಇದು ಕಡೆಗೆ ಪರದೆಗೆ ಹೋಗುವ ಚಿತ್ರದ ಲೆಕ್ಕ ಮಾತ್ರ. ಅದರ ಹಿಂದೆ ಯಾರೂ ನೋಡದ ಚಿತ್ರಗಳ ಸಾಲೇ ಇದೆ. ಯಾವ ಚುಕ್ಕಿ ಎಷ್ಟು ದೂರದಲ್ಲಿದೆ ಎಂದು ಬರೆದಿಡಲು ಒಂದು, ಯಾವ ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆ ಎಂಬುದಕ್ಕೆ ಇನ್ನೊಂದು, ನೆರಳಿಗೆ ಕೆಲವು, ಬೆಳಕನ್ನು ಕೂಡಿಸಲು ಒಂದು. ಬೆಳಕಿನ ಚಿತ್ರಕ್ಕೆ ಚುಕ್ಕಿಗೆ 8 ಬೈಟ್ ಬೇಕಾಗುತ್ತದೆ, ಏಕೆಂದರೆ ಬಿಸಿಲಿಗೂ ದೇವರ ಮುಂದಿನ ದೀಪಕ್ಕೂ ಇರುವ ಅಂತರ ಒಂದೊಂದೇ ಬೈಟಿನಲ್ಲಿ ಹಿಡಿಸುವುದಿಲ್ಲ. ಇವೆಲ್ಲ ಹುಟ್ಟಿ, ಕೆಲಸ ಮುಗಿಸಿ, ಮುಂದಿನ ಚಿತ್ರಕ್ಕೆ ಜಾಗ ಬಿಡಬೇಕು. ಅದಕ್ಕೆ ಸಿಗುವ ಹೊತ್ತು ಸೆಕೆಂಡಿನ ಅರವತ್ತರಲ್ಲಿ ಒಂದು ಪಾಲು, 16.67 ಮಿಲಿಸೆಕೆಂಡ್. ನಿಮಿಷ ಎಂಬ ಪದಕ್ಕೆ ಮೂಲದಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು ಎಂದೇ ಅರ್ಥ. ರೆಪ್ಪೆ ಬಡಿಯದ ದೇವತೆಗಳು ಅನಿಮಿಷರು. ನಮ್ಮಂಥವರು ಒಮ್ಮೆ ರೆಪ್ಪೆ ಬಡಿಯಲು ಕಾಲು ಸೆಕೆಂಡ್ ಎಂದಿಟ್ಟುಕೊಂಡರೂ ಅಷ್ಟರಲ್ಲಿ ಹದಿನೈದು ಚಿತ್ರಗಳು ಹುಟ್ಟಿ ಅಳಿದಿರುತ್ತವೆ.

2022ರಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡಿನಲ್ಲಿ 24 ಜಿಬಿ ಮೆಮರಿ ಇದೆ. ರಾಗಿಯ ಲೆಕ್ಕದಲ್ಲಿ 60 ಟನ್ ದಾಟುತ್ತದೆ. ಆ ಮೆಮರಿಯಿಂದ ಚಿಪ್ಪಿಗೆ ಸೆಕೆಂಡಿಗೆ 1,008 ಜಿಬಿ ಹರಿಯಬಲ್ಲದು, ಅಂದರೆ ಸೆಕೆಂಡಿಗೆ ಎರಡೂವರೆ ಸಾವಿರ ಟನ್ ರಾಗಿ. ಕೇಳಿದರೆ ಕೊರತೆ ಎಂಬ ಮಾತೇ ಹುಟ್ಟಬಾರದು ಅನ್ನಿಸುತ್ತದೆ. ಆದರೆ 1,008ನ್ನು 60ರಿಂದ ಭಾಗಿಸಿ ನೋಡಿ: 16.8. ಒಂದು ಚಿತ್ರದ ಹೊತ್ತಿನಲ್ಲಿ ಆ ಕಾರ್ಡು ತನ್ನದೇ ಮೆಮರಿಯನ್ನು ಒಂದು ಸಲ ಪೂರ್ತಿ ಓದಲಾರದು, ಮೂರರಲ್ಲಿ ಎರಡು ಪಾಲು ಓದುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ನಾನು ಈ ಭಾಗಾಕಾರವನ್ನು ಮೊದಲ ಸಲ ಮಾಡಿದ ದಿನ ಸುಮಾರು ಹೊತ್ತು ಆ ಅಂಕಿಯನ್ನೇ ನೋಡುತ್ತ ಕೂತಿದ್ದೆ. ಅಷ್ಟು ದೊಡ್ಡ ಕಣಜ, ಅಷ್ಟು ದೊಡ್ಡ ಬಾಗಿಲು, ಆದರೂ ಒಂದು ರೆಪ್ಪೆ ಬಡಿತದ ಹದಿನೈದನೇ ಒಂದು ಪಾಲಿನಲ್ಲಿ ಅದು ಪೂರ್ತಿ ಬರಿದಾಗುವುದಿಲ್ಲ.

ಹಿಂದಕ್ಕೆ ಹೋದರೆ ಅಂಕಿ ಇನ್ನೊಂದು ದಿಕ್ಕಿನಲ್ಲಿ ಬೆರಗು ಹುಟ್ಟಿಸುತ್ತದೆ. 1973ರಲ್ಲಿ ಪಾಲೊ ಆಲ್ಟೊದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೂಪ್ ಅವರ ಸೂಪರ್‌ಪೇಂಟ್ ಯಂತ್ರ 640 ಅಡ್ಡ, 480 ಉದ್ದದ ಒಂದು ಚಿತ್ರವನ್ನು ಇಡಿಯಾಗಿ ಮೆಮರಿಯಲ್ಲಿ ಹಿಡಿದಿಟ್ಟಿತು. ಮೂರು ಲಕ್ಷ ಚುಕ್ಕಿಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಅಂದಿಗೆ ಪ್ರಯೋಗಾಲಯದ ಸಾಹಸ. ಮನೆಮನೆಗೆ ಹೋಗುವ ಯಂತ್ರಕ್ಕೆ ಆ ಭಾಗ್ಯ ಇರಲಿಲ್ಲ. 1977ರ ಅಟಾರಿ 2600 ಆಟದ ಪೆಟ್ಟಿಗೆಯಲ್ಲಿ ಇದ್ದ ಒಟ್ಟು ರ‍್ಯಾಮ್ 128 ಬೈಟ್. ಇಂದು ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ಹಾಗಾಗಿ ನೀವು ಈಗ ಓದುತ್ತಿರುವ ಈ ಒಂದು ವಾಕ್ಯವೂ ಆ ಪೆಟ್ಟಿಗೆಯೊಳಗೆ ಹಿಡಿಸುತ್ತಿರಲಿಲ್ಲ. ಚಿತ್ರವನ್ನು ಇಡಲು ಜಾಗವೇ ಇಲ್ಲದ್ದರಿಂದ ಆಟ ಬರೆಯುವವರು ಟಿವಿಯ ಕಿರಣ ಒಂದು ಗೆರೆ ಎಳೆಯುವಷ್ಟರಲ್ಲಿ ಆ ಗೆರೆಯ ಬಣ್ಣಗಳನ್ನು ಹೇಳಿ ಮುಗಿಸಬೇಕಿತ್ತು. ಗೆರೆಯೊಂದಕ್ಕೆ ಪ್ರೊಸೆಸರಿನ 76 ಬಡಿತ. ಅಷ್ಟೇ.

ಅಂದಿನ ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಪರದೆಯನ್ನು ತುಂಬುತ್ತಿತ್ತು. ನನ್ನ ಮೇಜಿನ ಮೇಲಿನ ಪರದೆಯೂ 60 ಸಲವೇ ತುಂಬುತ್ತದೆ. 128 ಬೈಟಿನಿಂದ 24 ಜಿಬಿಗೆ ಬಂದಿದ್ದೇವೆ, ಇಪ್ಪತ್ತು ಕೋಟಿ ಪಟ್ಟು. ಒಂದು ಚಿತ್ರಕ್ಕೆ ಸಿಗುವ ಹೊತ್ತು ಮಾತ್ರ ಅಂದು ಎಷ್ಟಿತ್ತೋ ಇಂದೂ ಅಷ್ಟೇ. ಹೊರಗಿನವರು ಮೆಮರಿ ಎಂದರೆ ಜಾಗ ಎಂದುಕೊಳ್ಳುತ್ತಾರೆ. ಈ ಕೆಲಸದಲ್ಲಿ ಕೂತವರಿಗೆ ಅದು ಹೊತ್ತು. ಎಷ್ಟು ಬೈಟ್ ಎಂಬ ಪ್ರಶ್ನೆಯ ಬೆನ್ನಿಗೇ ಎಷ್ಟು ಹೊತ್ತಿಗೆ, ಯಾವಾಗಿನಿಂದ ಯಾವಾಗಿನವರೆಗೆ ಎಂಬ ಪ್ರಶ್ನೆ ಬರುತ್ತದೆ.

ಜಾಗ ಸಾಲುತ್ತದೆಯೇ ಎಂದರೆ ಅದೂ ಸಾಲುವುದಿಲ್ಲ. ತೇಗದ ಬಾಗಿಲೊಂದರ ನಾರುನಾರು ಕಾಣಬೇಕೆಂದರೆ 4,096 ಅಡ್ಡ, 4,096 ಉದ್ದದ, ಮೇಲ್ಮೈಗೆ ಹೊದಿಸುವ ಒಂದು ಚಿತ್ರ, ಅಂದರೆ ಟೆಕ್ಸ್‌ಚರ್ ಬೇಕು. ಹಾಗೇ ಇಟ್ಟರೆ 6,71,08,864 ಬೈಟ್. ದೂರದಿಂದ ನೋಡಿದಾಗ ಚುಕ್ಕಿಗಳು ಮಿನುಗಬಾರದೆಂದು ಅದರ ಅರ್ಧ ಅಳತೆಯದು, ಅದರ ಅರ್ಧದ್ದು, ಹೀಗೆ ಒಂದು ಚುಕ್ಕಿಯಾಗುವವರೆಗೆ ಪ್ರತಿಗಳನ್ನೂ ಜೊತೆಗಿಡುತ್ತೇವೆ. ನಾಲ್ಕರಲ್ಲೊಂದು, ಹದಿನಾರರಲ್ಲೊಂದು, ಅರವತ್ನಾಲ್ಕರಲ್ಲೊಂದು ಎಂದು ಕೂಡುತ್ತ ಹೋದರೆ ಇಡೀ ಪರಿವಾರಕ್ಕೆ ಆಗುವ ಹೆಚ್ಚುವರಿ ಖರ್ಚು ಮೂರನೇ ಒಂದು ಪಾಲು ಮಾತ್ರ. ಆದರೂ 8 ಜಿಬಿ ಕಾರ್ಡಿನಲ್ಲಿ ಇಂಥವು 96 ಹಿಡಿಸುತ್ತವೆ, ಅಷ್ಟಕ್ಕೇ ಕಾರ್ಡು ಭರ್ತಿ. ಒಂದು ಮೇಲ್ಮೈಗೆ ಬಣ್ಣದ್ದೊಂದು, ಉಬ್ಬುತಗ್ಗಿನದೊಂದು, ಹೊಳಪಿನದೊಂದು ಎಂದು ಮೂರು ಬೇಕಾದರೆ ಒಟ್ಟು 32 ಬಗೆಯ ಮೇಲ್ಮೈ. ಒಂದು ನಡುಮನೆ ಮತ್ತು ಅಡುಗೆಮನೆಯಲ್ಲೇ ಅಷ್ಟು ಎಣಿಸಬಹುದು. ಚುಕ್ಕಿಗೆ ಒಂದೇ ಬೈಟಿನಂತೆ ಒತ್ತಿಡುವ ಬಿಸಿ7 ಎಂಬ ವಿಧಾನ ಇರುವುದರಿಂದ 96 ಇದ್ದದ್ದು 384 ಆಗುತ್ತದೆ. ನಮ್ಮ ಬಾಳು ನಡೆಯುತ್ತಿರುವುದು ಅದರಿಂದ.

2011ರಲ್ಲಿ ಬಂದ ರೇಜ್ ಎಂಬ ಆಟದ ಧೈರ್ಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಅದನ್ನು ಕಟ್ಟಿದ ಐಡಿ ಸಾಫ್ಟ್‌ವೇರ್‌ನವರು ಊಹಿಸಿಕೊಂಡ ಟೆಕ್ಸ್‌ಚರ್ ಅಡ್ಡಕ್ಕೆ 1,31,072, ಉದ್ದಕ್ಕೆ 1,31,072 ಚುಕ್ಕಿಗಳದ್ದು, 1,717 ಕೋಟಿ ಚುಕ್ಕಿಗಳು. ಬಿಡಿಸಿಟ್ಟರೆ 64 ಜಿಬಿ. ಆ ಆಟ ಓಡಬೇಕಾಗಿದ್ದ ಪ್ಲೇಸ್ಟೇಷನ್ 3ರಲ್ಲಿ ಚಿತ್ರದ ಚಿಪ್ಪಿಗೆಂದು ಇದ್ದದ್ದು 256 ಎಂಬಿ, ಅಂದರೆ 256ರಲ್ಲಿ ಒಂದು ಪಾಲು. ಅವರು ಆ ಮಹಾಪಟವನ್ನು ಹತ್ತು ಲಕ್ಷಕ್ಕೂ ಮೀರಿದ ಪುಟಗಳಾಗಿ ಕತ್ತರಿಸಿ, ನೋಡುವವನ ಕಣ್ಣಿಗೆ ಈ ಕ್ಷಣ ಬೀಳುವ ಸಾವಿರ ಚಿಲ್ಲರೆ ಪುಟಗಳನ್ನು ಮಾತ್ರ ಮೆಮರಿಗೆ ತಂದರು.

ಇನ್ನು ಹಂಚುವ ಕೆಲಸ. ತಂತ್ರಾಂಶ ಗ್ರಾಫಿಕ್ಸ್ ಚಿಪ್ಪಿನೊಡನೆ ಮಾತಾಡುವ ವ್ಯವಸ್ಥೆಗಳಲ್ಲಿ 2016ರಲ್ಲಿ ವಲ್ಕನ್ ಬಂದಾಗ, ಅದಕ್ಕೂ ಮುಂಚೆ 2015ರಲ್ಲಿ ಡೈರೆಕ್ಟ್ ತ್ರೀಡಿ 12 ಬಂದಾಗ, ಅದುವರೆಗೆ ಕಾರ್ಡನ್ನು ನಡೆಸುವ ಡ್ರೈವರ್ ತಾನೇ ಒಳಗೊಳಗೆ ಮಾಡುತ್ತಿದ್ದ ಮೆಮರಿ ಹಂಚಿಕೆ ತಂತ್ರಾಂಶ ಬರೆಯುವವರ ಹೆಗಲಿಗೆ ಬಿತ್ತು. ವಲ್ಕನ್‌ನಲ್ಲಿ ಒಂದು ಅಂಕಿ ಇದೆ, ಹೊಸಬರೆಲ್ಲ ಒಂದಲ್ಲ ಒಂದು ದಿನ ಅದಕ್ಕೆ ಎಡವುತ್ತಾರೆ. ಏಕಕಾಲಕ್ಕೆ ಎಷ್ಟು ಹಂಚಿಕೆ‌ಗಳನ್ನು ಹಿಡಿದುಕೊಂಡಿರಬಹುದು ಎಂಬುದಕ್ಕೆ ಡ್ರೈವರ್ ಕೊಡಲೇಬೇಕಾದ ಕನಿಷ್ಠ ಮಿತಿ 4,096, ಎಷ್ಟೋ ಡ್ರೈವರ್‌ಗಳು ಅಷ್ಟಕ್ಕೇ ನಿಲ್ಲುತ್ತವೆ. ದೊಡ್ಡ ದೃಶ್ಯದಲ್ಲಿ ಬಿಡಿ ಬಿಡಿ ವಸ್ತುಗಳು ಲಕ್ಷದ ಲೆಕ್ಕಕ್ಕೆ ಹೋಗುತ್ತವೆ. ಲಕ್ಷ ಮನೆಗೆ ನಾಲ್ಕು ಸಾವಿರ ಖಾತೆ.

ದಾರಿ ಏನು ಎಂಬುದು ನಮ್ಮ ಊರುಗಳ ಅಂಚಿನಲ್ಲಿ ಬೆಳೆದ ಯಾರಿಗೂ ವಿವರಿಸಬೇಕಿಲ್ಲ. ಎಕರೆಗಟ್ಟಲೆ ಜಮೀನನ್ನು ಒಟ್ಟಿಗೆ ಕೊಂಡು ಲೇಔಟ್ ಮಾಡಿ ಸೈಟು ಹಂಚುವುದು. ಎಎಂಡಿ ಸಂಸ್ಥೆ ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ, ಈ ವೃತ್ತಿಯಲ್ಲಿ ಎಲ್ಲೆಲ್ಲೂ ಬಳಕೆಯಲ್ಲಿರುವ ವಲ್ಕನ್ ಮೆಮರಿ ಅಲೊಕೇಟರ್ ದೊಡ್ಡ ಮೆಮರಿಯಿಂದ ಸಾಮಾನ್ಯವಾಗಿ 256 ಎಂಬಿಯ ತುಂಡುಗಳನ್ನು ತೆಗೆದುಕೊಂಡು ಒಳಗೆ ಸೈಟು ಮಾಡುತ್ತದೆ. ಅಂಥ ಒಂದು ತುಂಡಿನಲ್ಲಿ 64 ಕೆಬಿಯ ಸೈಟುಗಳು ಎಷ್ಟಾಗುತ್ತವೆ ಎಂದು ಭಾಗಿಸಿದರೆ ಸರಿಯಾಗಿ 4,096. ಡ್ರೈವರ್ ಬರೆದುಕೊಡುವುದು ಒಂದೇ ಖಾತೆ, ಒಳಗೆ ನಾಲ್ಕು ಸಾವಿರ ಮನೆ.

ಸೈಟು ಮಾಡಿದ ಮೇಲೆ ಹುಟ್ಟುವ ತೊಂದರೆ ಖಾಲಿ ಜಾಗದ್ದು. ಬಸ್ಸಿನಲ್ಲಿ ಹನ್ನೆರಡು ಸೀಟು ಖಾಲಿ ಇವೆ, ಆದರೆ ಒಂದು ಇಲ್ಲಿ, ಒಂದು ಅಲ್ಲಿ. ನಾಲ್ಕು ಜನರ ಸಂಸಾರ ಒಟ್ಟಿಗೆ ಕೂರಲಾರದು. ಟೆಕ್ಸ್‌ಚರ್ ಎನ್ನುವುದು ಬಿಡಿಬಿಡಿಯಾಗಿ ಕೂರಲು ಒಪ್ಪದ ಸಂಸಾರ. ಮುನ್ನೂರು ಎಂಬಿ ಖಾಲಿ ಇದ್ದೂ ಅರವತ್ನಾಲ್ಕು ಎಂಬಿಯ ಒಂದೇ ಅಖಂಡ ಜಾಗ ಸಿಗದೆ ಹೋಗಬಹುದು. ಸಿಗುತ್ತದೆಯೇ ಎಂದು ಹುಡುಕುವುದಕ್ಕೂ ಹೊತ್ತು ಹಿಡಿಯುತ್ತದೆ, ಆ ಹೊತ್ತು 16.67 ಮಿಲಿಸೆಕೆಂಡಿನೊಳಗಿನದೇ. 2004ರಲ್ಲಿ ಸ್ಪೇನಿನ ವೆಲೆನ್ಸಿಯಾದ ಸಂಶೋಧಕರು ಇದಕ್ಕೆ ಕಂಡುಕೊಂಡ ಟಿಎಲ್‌ಎಸ್‌ಎಫ್ ಎಂಬ ಉಪಾಯದ ಅಂದ ಏನೆಂದರೆ, ಖಾಲಿ ತುಂಡುಗಳು ಹತ್ತಿರಲಿ, ಹತ್ತು ಲಕ್ಷವಿರಲಿ, ಹುಡುಕಲು ಹಿಡಿಯುವ ಹೊತ್ತು ಒಂದೇ. ಅಳತೆಯ ಪ್ರಕಾರ ತುಂಡುಗಳನ್ನು ಎರಡು ಹಂತದ ಗೂಡುಗಳಲ್ಲಿ ಸೇರಿಸಿ, ಯಾವ ಗೂಡಿನಲ್ಲಿ ಏನಾದರೂ ಇದೆ ಎಂಬುದನ್ನು ಒಂದೊಂದು ಬಿಟ್‌ನಲ್ಲಿ ಗುರುತು ಹಾಕಿಡುತ್ತಾರೆ. ಗೂಡುಗಳೊಳಗೆ ಕೈಯಾಡಿಸುವ ಕೆಲಸವೇ ಇಲ್ಲ. ಸಾಲಿನಲ್ಲಿ ಮೊದಲು ಹೊತ್ತಿರುವ ದೀಪ ಯಾವುದು ಎಂದು ಎರಡು ಸಲ ನೋಡಿದರೆ ಆಯಿತು.

ಕೊಡುವುದಕ್ಕಿಂತ ವಾಪಸು ಪಡೆಯುವುದು ಕಷ್ಟ. ಮದುವೆ ಮನೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಬಡಿಸುವವನು ಸಾಲಿನ ಆ ತುದಿ ಮುಟ್ಟಿ ಮುಂದಿನ ಪಂಕ್ತಿಗೆ ಅನ್ನ ಅಣಿ ಮಾಡುತ್ತಿರುತ್ತಾನೆ. ಉಣ್ಣುವವರು ಇನ್ನೂ ಸಾರಿನಲ್ಲೇ ಇರುತ್ತಾರೆ. ಬಡಿಸಿದ್ದು ಮುಗಿಯಿತೆಂದು ಅವನು ಎಲೆ ಎತ್ತಿಬಿಟ್ಟರೆ ಅನಾಹುತ. ಪ್ರೊಸೆಸರು ಬಡಿಸುವವನು, ಗ್ರಾಫಿಕ್ಸ್ ಚಿಪ್ಪು ಉಣ್ಣುವುದು, ಇಬ್ಬರ ನಡುವೆ ಎರಡು ಮೂರು ಚಿತ್ರಗಳ ಅಂತರ ಇರುತ್ತದೆ. ಪ್ರೊಸೆಸರು "ಇದು ನನಗಿನ್ನು ಬೇಡ" ಎಂದ ಗಳಿಗೆಯಲ್ಲಿ ಚಿಪ್ಪು ಅದನ್ನು ಇನ್ನೂ ಮುಟ್ಟಿಯೂ ಇರುವುದಿಲ್ಲ. ಅದಕ್ಕೇ ಬೇಡವಾದದ್ದನ್ನೆಲ್ಲ ಒಂದು ಪಟ್ಟಿಗೆ ಸೇರಿಸಿ, ಪಂಕ್ತಿ ಎದ್ದಿತು ಎಂಬ ಸೂಚನೆ ಬಂದ ಮೇಲೆ ಎತ್ತಬೇಕು.

ಪಂಕ್ತಿಯ ಮಾತಿನಲ್ಲಿ ಇನ್ನೊಂದು ಪಾಠವೂ ಇದೆ. ಸಾವಿರ ಜನರಿಗೆ ಊಟ ಹಾಕಲು ಸಾವಿರ ಜನ ಕೂರುವ ಊಟದ ಮನೆ ಬೇಕಿಲ್ಲ, ಒಂದೇ ಜಾಗದಲ್ಲಿ ನಾಲ್ಕು ಪಂಕ್ತಿ ಆಗುತ್ತದೆ. ದೂರ ಬರೆದಿಡುವ ಚಿತ್ರ ಮುಗಿದ ಜಾಗದಲ್ಲೇ ಮಸುಕು ಮಾಡುವ ಚಿತ್ರ ಕೂರಬಹುದು, ಎರಡೂ ಒಟ್ಟಿಗೆ ಬದುಕಿರಬೇಕಾಗಿಲ್ಲದಿದ್ದರೆ. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಫ್ರಾಸ್ಟ್‌ಬೈಟ್ ಎಂಬ ಆಟದ ಎಂಜಿನ್ ಕಟ್ಟುವ ತಂಡದ ಯೂರಿ ಒ'ಡಾನೆಲ್ ಇಂಥದೊಂದು ಲೆಕ್ಕ ತೋರಿಸಿದರು. 4ಕೆ ಚಿತ್ರವೊಂದರ ನಡುವಿನ ಹಂತಗಳಿಗೆಲ್ಲ ಬೇರೆ ಬೇರೆ ಜಾಗ ಕೊಟ್ಟರೆ 1,042 ಎಂಬಿ. ಯಾವುದು ಯಾವಾಗ ಹುಟ್ಟಿ ಯಾವಾಗ ಸಾಯುತ್ತದೆ ಎಂದು ಮೊದಲೇ ನೋಡಿಕೊಂಡು ಜಾಗ ಹಂಚಿಕೊಂಡರೆ 472 ಎಂಬಿ. ಚಿತ್ರದಲ್ಲಿ ಒಂದು ಚುಕ್ಕಿಯೂ ಬದಲಾಗಲಿಲ್ಲ. 570 ಎಂಬಿ ಹುಟ್ಟಿದ್ದು ವೇಳಾಪಟ್ಟಿಯಿಂದ.

ಈ ಮಿತವ್ಯಯ ನಮ್ಮ ಲಿಪಿಯಲ್ಲೇ ಇದೆ ಎಂದು ನನಗೆ ಹೊಳೆದದ್ದು, ಆ ನಡೆದಾಟದ ತಂತ್ರಾಂಶದಲ್ಲಿ ಕನ್ನಡ ಅಕ್ಷರ ಮೂಡಿಸಬೇಕಾಗಿ ಬಂದಾಗ. ಅಕ್ಷರವೊಂದಕ್ಕೆ 64 ಅಡ್ಡ, 64 ಉದ್ದದ ಚೌಕ, ಚುಕ್ಕಿಗೆ ಒಂದು ಬೈಟ್: 4,096 ಬೈಟ್. ವ್ಯಂಜನ 34, ಒಂದೊಂದಕ್ಕೂ ಅನುಸ್ವಾರ ವಿಸರ್ಗ ಬಿಟ್ಟು ಕಾಗುಣಿತದ 13 ರೂಪ: 442. ಒಂದು ಒತ್ತಕ್ಷರ ಸೇರಿದ ಸಂಯುಕ್ತಗಳನ್ನೆಲ್ಲ ಮೊದಲೇ ಬರೆದಿಡುತ್ತೇನೆ ಎಂದರೆ 34ನ್ನು 34ರಿಂದ, ಮತ್ತೆ 13ರಿಂದ ಗುಣಿಸಬೇಕು, 15,028 ಚೌಕಗಳು, ಆರು ಕೋಟಿ ಹದಿನೈದು ಲಕ್ಷ ಬೈಟ್. ಆದರೆ ಕನ್ನಡದಲ್ಲಿ ಸ್ವರಚಿಹ್ನೆ ಮೇಲಿನ ಅಕ್ಷರಕ್ಕೆ ಅಂಟುತ್ತದೆ, ಒತ್ತು ಕೆಳಗೆ ತನ್ನ ಪಾಡಿಗೆ ತಾನು ಕೂರುತ್ತದೆ. "ಭಕ್ತಿ" ಬರೆಯುವಾಗ ಗುಡಿಸು ಬೀಳುವುದು ಕಕಾರದ ಮೇಲೆ, ತಕಾರ ಅಡಿಯಲ್ಲಿ ಒಂಟಿ. ಆದ್ದರಿಂದ 442 ಚೌಕ, ಜೊತೆಗೆ ಒತ್ತುಗಳ 34 ಚೌಕ, ಅರ್ಕಾವೊತ್ತಿಗೆ ಇನ್ನೊಂದು. 477 ಚೌಕಗಳಲ್ಲಿ ಕೆಲಸ ಮುಗಿಯಿತು, ಇಪ್ಪತ್ತು ಲಕ್ಷ ಬೈಟಿಗೂ ಕಮ್ಮಿ. ಶತಮಾನಗಳ ಹಿಂದಿನಿಂದ ಕಲ್ಲಿನ ಮೇಲೆ ಉಳಿ ಹಿಡಿದು ಬಂದವರು ಗುಣಾಕಾರವನ್ನು ಸಂಕಲನ ಮಾಡಿಟ್ಟು ಹೋಗಿದ್ದಾರೆ.

ಇನ್ನು ಆ ಹದಿಮೂರು ನಿಮಿಷಕ್ಕೆ ಬರುತ್ತೇನೆ. ನೋಡುವವನ ಕಣ್ಣು ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂದು ಚಿಪ್ಪಿಗೆ ಹೇಳಲು ನಾಲ್ಕು ಮ್ಯಾಟ್ರಿಕ್ಸ್ ಸಾಕು. ಒಂದೊಂದರಲ್ಲಿ 16 ಸಂಖ್ಯೆ, ಸಂಖ್ಯೆಗೆ 4 ಬೈಟ್, ಒಟ್ಟು 256 ಬೈಟ್. ಅದನ್ನು ಪ್ರತಿ ಚಿತ್ರಕ್ಕೂ ಹೊಸ ಬಫರಾಗಿ, ಅಂದರೆ ಮೆಮರಿಯ ಹೊಸ ತುಂಡಾಗಿ, ಕೇಳುವಂತೆ ಬರೆದವನು ನಾನೇ. ಡೈರೆಕ್ಟ್ ತ್ರೀಡಿ 12ರಲ್ಲಿ ಬಫರನ್ನು ಹೀಗೆ ಬಿಡಿಯಾಗಿ ಕೇಳಿದರೆ ಎಷ್ಟೇ ಚಿಕ್ಕದಿರಲಿ 64 ಕೆಬಿ ಹೋಗುತ್ತದೆ. ಒಂದು ಚಿಟಿಕೆ ಕೇಳಿದರೆ 256 ಚಿಟಿಕೆಯ ಡಬ್ಬಿ. ಉಂಡ ಎಲೆಗಳ ಪಟ್ಟಿಯಿಂದ ಎತ್ತುವ ಕೆಲಸವನ್ನು ಪರದೆಯ ಮೇಲೆ ತಂತ್ರಾಂಶ ತೆರೆದಿರುವ ಕಿಟಕಿಯ ಅಳತೆ ಬದಲಾದಾಗ ಮಾತ್ರ ಓಡುವ ಭಾಗದಲ್ಲಿ ಸೇರಿಸಿಬಿಟ್ಟಿದ್ದೆ. ನಾನು ಕೆಲಸ ಮಾಡುವಾಗ ಕಿಟಕಿಯನ್ನು ಎಳೆದಾಡುತ್ತಲೇ ಇರುತ್ತೇನೆ, ಹಾಗಾಗಿ ನನ್ನ ಕಣ್ಣಿಗೆ ಬೀಳಲಿಲ್ಲ. ಅವಳು ಪರದೆ ತುಂಬ ತೆರೆದಿಟ್ಟು ಗಿರಾಕಿಯಂತೆ ನಡೆದಾಡಿದಳು.

ಕಾರ್ಡಿನಲ್ಲಿ 8 ಜಿಬಿ. ನಮ್ಮ ಮನೆ ನಿಂತಿದ್ದು 5 ಜಿಬಿಯಲ್ಲಿ. ಉಳಿದದ್ದು 3 ಜಿಬಿ, ಅಂದರೆ 31,45,728 ಕೆಬಿ. ಚಿತ್ರಕ್ಕೆ 64 ಕೆಬಿಯಂತೆ 49,152 ಚಿತ್ರಗಳಿಗೆ ಅದು ಖಾಲಿ. 49,152ನ್ನು 60ರಿಂದ ಭಾಗಿಸಿದರೆ 819 ಸೆಕೆಂಡ್. 13 ನಿಮಿಷ 39 ಸೆಕೆಂಡ್. ಆಮೇಲೆ ಉಕ್ಕಿದ್ದೆಲ್ಲ ಕಂಪ್ಯೂಟರಿನ ಸಾಮಾನ್ಯ ಮೆಮರಿಗೆ ಹೋಗಿ ಬೀಳುತ್ತದೆ. ಅಲ್ಲಿಂದ ಕಾರ್ಡಿಗೆ ಬರುವ ಪಿಸಿಐಇ 4.0 ದಾರಿಯಲ್ಲಿ ಸೆಕೆಂಡಿಗೆ ಮೂವತ್ತೊಂದು ಚಿಲ್ಲರೆ ಜಿಬಿ ಮಾತ್ರ ಸಾಗುತ್ತದೆ. ಮೇಲೆ ಹೇಳಿದ ದೊಡ್ಡ ಕಾರ್ಡಿನ ಸ್ವಂತ ದಾರಿಗೆ ಹೋಲಿಸಿದರೆ ಮೂವತ್ತೆರಡನೇ ಒಂದು ಪಾಲು. ಚಿತ್ರ ತಡವರಿಸಿದ್ದು ಆ ಓಣಿಯಲ್ಲಿ ಸಿಕ್ಕಿಬಿದ್ದು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಭಾಗಾಕಾರ. ಆ 64 ಕೆಬಿಯ ಡಬ್ಬಿ ಇಲ್ಲದೆ 256 ಬೈಟೇ ಸೋರಿದ್ದರೆ ತುಂಬಲು 256 ಪಟ್ಟು ಹೊತ್ತು ಬೇಕಾಗುತ್ತಿತ್ತು: ಎರಡು ದಿನ, ಹತ್ತು ಗಂಟೆ, ಹದಿನೈದು ನಿಮಿಷ. ನಾವು ಯಾರೂ ಅಷ್ಟು ಹೊತ್ತು ಆ ಮನೆಯೊಳಗೆ ನಡೆದಾಡುತ್ತಿರಲಿಲ್ಲ. ಯಾವುದೋ ಕಟ್ಟಡದವರ ಪ್ರದರ್ಶನ ಮಳಿಗೆಯಲ್ಲಿ ಹಗಲೂ ರಾತ್ರಿ ಓಡುವ ಪರದೆಯೊಂದು ಮೂರನೇ ದಿನ ತೊದಲುತ್ತಿತ್ತು.

ಆ ಸಂಜೆ ಮ್ಯಾಟ್ರಿಕ್ಸ್‌ಗಳನ್ನು ಮೊದಲೇ ತೆಗೆದಿಟ್ಟ ಒಂದೇ ಬಫರಿನೊಳಕ್ಕೆ ತಂದೆ. ಮೂರು ಚಿತ್ರಗಳಿಗೆ ಮೂರು ಭಾಗ, ಸರದಿಯಂತೆ ಒಂದೊಂದು. ಒಳಗೆ ಜಾಗ ಕೊಡುವುದೆಂದರೆ ಒಂದು ಸಂಕಲನ, ವಾಪಸು ಪಡೆಯುವುದೆಂದರೆ ಸ್ಲೇಟು ಒರೆಸಿದಂತೆ ಸೊನ್ನೆ ಬರೆಯುವುದು. ಕಾರ್ಡಿನಿಂದ ಹೊಸದಾಗಿ ಏನನ್ನೂ ಕೇಳುವಂತಿಲ್ಲ. ಎಲೆ ಎತ್ತುವ ಸಾಲನ್ನು ಪ್ರತಿ ಚಿತ್ರದ ಕೊನೆಗೆ ಸರಿಸಿದೆ. ಪರದೆಯ ಮೂಲೆಯಲ್ಲಿ ಎರಡು ಅಂಕಿ ಕಾಣುವಂತೆ ಮಾಡಿದೆ: ಎಷ್ಟು ಎಂಬಿ ಬಳಕೆಯಲ್ಲಿದೆ, ಈ ಚಿತ್ರದಲ್ಲಿ ಎಷ್ಟು ಸಲ ಮೆಮರಿ ಕೇಳಿದ್ದೇವೆ. ರಾತ್ರಿ ಒಂಬತ್ತಕ್ಕೆ ಶುರು ಮಾಡಿ ಹಾಗೇ ಬಿಟ್ಟು ಮನೆಗೆ ಹೋದೆವು.

ಬೆಳಗಿನ ಐದಕ್ಕೆ ತಾನಾಗಿ ನಿಲ್ಲುವಂತೆ ಇಟ್ಟಿದ್ದೆವು. ನಾನು ಬರುವಷ್ಟರಲ್ಲಿ ಅವಳು ಆಗಲೇ ಬಂದು ಪರದೆಯ ಮುಂದೆ ಕೂತಿದ್ದಳು. ಎಂಟು ಗಂಟೆಯಲ್ಲಿ 17,28,000 ಚಿತ್ರಗಳು ಹಾದು ಹೋಗಿದ್ದವು. ಮೂಲೆಯಲ್ಲಿ ಮೊದಲ ಅಂಕಿ 5,120, ಎರಡನೆಯದು 0.